ಮಳೆಗಾಲದ ಚಾರ್ಜಿಂಗ್ ಪೋರ್ಟಿಗೆ ಹೊದಿಕೆ: ಅಂಧೇರಿಯ ಒಂದು ಅಂಗಳದ ಪ್ರಕರಣ ಅಧ್ಯಯನ

ಮುಂಬಯಿಯ ಅಂಧೇರಿ ಪೂರ್ವದಲ್ಲಿ, ಕಾರ್ಖಾನೆಗಳ ನಡುವೆ ಹೇಗೋ ಉಳಿದುಕೊಂಡ ಒಂದು ತೆರೆದ ಅಂಗಳದಲ್ಲಿ, ಕುಂದಾಪುರದ ಕಡೆಯ ಒಬ್ಬ ಸಾರಿಗೆ ಉದ್ಯಮಿ ಹತ್ತು ವಿದ್ಯುತ್ ಕಾರುಗಳನ್ನು ಇಟ್ಟುಕೊಂಡಿದ್ದಾರೆ. ಹಗಲಿಡೀ ಕಚೇರಿ ನೌಕರರನ್ನು ಕರೆತಂದು ಬಿಡುವ ಈ ಕಾರುಗಳು ರಾತ್ರಿ ಹತ್ತರ ಹೊತ್ತಿಗೆ ಅಂಗಳ ಸೇರುತ್ತವೆ. ಪಶ್ಚಿಮದ ಕಾಂಪೌಂಡ್ ಗೋಡೆಗುಂಟ ಐದು ಎ.ಸಿ. (ಮನೆಗೆ ಬರುವಂಥ ಪರ್ಯಾಯ ವಿದ್ಯುತ್ತಿನ) ಚಾರ್ಜಿಂಗ್ ಪಾಯಿಂಟುಗಳಿವೆ, ಒಂದೊಂದೂ 7.4 ಕಿಲೋವಾಟಿನದು, ಅಂದರೆ 230 ವೋಲ್ಟಿನಲ್ಲಿ 32 ಆಂಪಿಯರ್ ಕೊಡುವಂಥದು. ಹತ್ತು ಕಾರಿಗೆ ಐದೇ ಪಾಯಿಂಟ್ ಇರುವುದರಿಂದ, ರಾತ್ರಿ ಸುಮಾರು ಎರಡು ಗಂಟೆಗೆ ಯಾರಾದರೂ ಎದ್ದು ಗನ್‌ಗಳನ್ನು (ಕೇಬಲ್ ತುದಿಯ ಹಿಡಿಕೆಯುಳ್ಳ ಪ್ಲಗ್ಗುಗಳನ್ನು) ಒಂದು ಕಾರಿನಿಂದ ತೆಗೆದು ಇನ್ನೊಂದಕ್ಕೆ ಸಿಕ್ಕಿಸಬೇಕು. ಕೊನೆಗೆ ಇಡೀ ವಿನ್ಯಾಸವನ್ನು ನಿರ್ಧರಿಸಿದ್ದು ಈ ಎರಡು ಗಂಟೆಯ ಕೆಲಸವೇ. ಆದರೆ ನಾನು ಅದನ್ನು ಗಮನಿಸಿದ್ದು ಬಹಳ ತಡವಾಗಿ.

ಮೊದಲ ಮಳೆಗಾಲದಲ್ಲೇ ತೊಂದರೆ ಕಾಣಿಸಿಕೊಂಡಿತು. ಬೆಳಿಗ್ಗೆ ಐದೂವರೆಗೆ ಚಾಲಕರು ಬಂದು ನೋಡಿದರೆ ಒಂದೆರಡು ಕಾರುಗಳ ಬ್ಯಾಟರಿ ಅರ್ಧಕ್ಕೇ ನಿಂತಿರುತ್ತಿತ್ತು. ಆ ಪಾಯಿಂಟಿನ ಸೋರಿಕೆ ತಡೆಯುವ ಸ್ವಿಚ್, ಎಂದರೆ ಆರ್‌ಸಿಸಿಬಿ, ರಾತ್ರಿ ಯಾವಾಗಲೋ ಟ್ರಿಪ್ ಆಗಿರುತ್ತಿತ್ತು. ಚಾಲಕರು ತಮಗೆ ತೋಚಿದ ಉಪಾಯ ಮಾಡಿದ್ದರು: ಗನ್ ಮತ್ತು ಕಾರಿನ ಮೈಯಲ್ಲಿರುವ ಚಾರ್ಜಿಂಗ್ ಕಿಂಡಿ, ಅಂದರೆ ಪೋರ್ಟ್, ಕೂಡುವ ಜಾಗಕ್ಕೆ ಪ್ಲಾಸ್ಟಿಕ್ ಚೀಲ ಸುತ್ತಿ ರಬ್ಬರ್ ಬ್ಯಾಂಡ್ ಹಾಕುವುದು. ಅದರಿಂದ ಟ್ರಿಪ್ ಆಗುವುದು ಕಡಿಮೆಯಾಗಲಿಲ್ಲ. ರಬ್ಬರ್ ಮತ್ತು ಪ್ಲಾಸ್ಟಿಕ್ ಭಾಗಗಳ ಅಚ್ಚುಗಳ ವಿನ್ಯಾಸ ನನ್ನ ವೃತ್ತಿಯಾದ್ದರಿಂದ ಮಾಲೀಕರು ನನ್ನನ್ನು ಕರೆಸಿದರು. "ನೀರು ಒಂದು ಹನಿಯೂ ಒಳಗೆ ಹೋಗದ ಹಾಗೆ ರಬ್ಬರಿನದೊಂದು ಮುಚ್ಚಳ ಮಾಡಿಕೊಡಿ ಮಾರಾಯ್ರೆ" ಎಂಬುದು ಅವರ ಕೋರಿಕೆ. ಕೋರಿಕೆಯನ್ನು ಅದು ಬಂದ ಹಾಗೆಯೇ ಒಪ್ಪಿಕೊಂಡದ್ದು ನನ್ನ ಮೊದಲ ತಪ್ಪು.

ನೀರು ಯಾವಾಗ ಒಳಗೆ ಹೋಗುತ್ತದೆ

ಭಾರತದಲ್ಲಿ ಈಗ ಮಾರಾಟವಾಗುವ ಹೆಚ್ಚಿನ ವಿದ್ಯುತ್ ಕಾರುಗಳಲ್ಲಿರುವುದು ಸಿಸಿಎಸ್ 2 ಎಂಬ ಮಾದರಿಯ ಪೋರ್ಟ್. ಅದರ ಮೇಲಿನ ದುಂಡು ಭಾಗ ಎ.ಸಿ. ಚಾರ್ಜಿಂಗಿನ ಟೈಪ್ 2 ಜೋಡಣೆ. ಅದರಲ್ಲಿ ಏಳು ಸಂಪರ್ಕಗಳಿವೆ. ಮೂರು ಫೇಸ್, ಒಂದು ನ್ಯೂಟ್ರಲ್, ಒಂದು ಅರ್ಥ್, ಉಳಿದೆರಡು ಕಂಟ್ರೋಲ್ ಪೈಲಟ್ ಮತ್ತು ಪ್ರಾಕ್ಸಿಮಿಟಿ ಪೈಲಟ್ ಎಂಬ ಸಂಕೇತದ ಪಿನ್ನುಗಳು. ನಮ್ಮ ಅಂಗಳದಂತೆ ಒಂದೇ ಫೇಸ್ ಬಳಸುವಲ್ಲಿ ಎರಡು ಫೇಸ್ ಪಿನ್ನುಗಳು ಸುಮ್ಮನೆ ಇರುತ್ತವೆ. ಕಂಟ್ರೋಲ್ ಪೈಲಟ್ ತಂತಿಯಲ್ಲಿ ಮೊದಲು 12 ವೋಲ್ಟ್ ಇರುತ್ತದೆ. ಗನ್ ಕಾರಿಗೆ ಸೇರಿದಾಗ ಅದು 9ಕ್ಕೆ ಇಳಿಯುತ್ತದೆ, ಕಾರು ಚಾರ್ಜ್ ತೆಗೆದುಕೊಳ್ಳಲು ಸಿದ್ಧವಾದಾಗ 6ಕ್ಕೆ ಇಳಿಯುತ್ತದೆ. ಆಗ ಮಾತ್ರ ಪಾಯಿಂಟಿನೊಳಗಿನ ಕಾಂಟ್ಯಾಕ್ಟರ್ ಎಂಬ ಸ್ವಿಚ್ ಕೂಡಿಕೊಂಡು ದೊಡ್ಡ ಪಿನ್ನುಗಳಿಗೆ 230 ವೋಲ್ಟ್ ಹರಿಯುತ್ತದೆ. ಆದ್ದರಿಂದ ಸುಸ್ಥಿತಿಯಲ್ಲಿರುವ ಖಾಲಿ ಗನ್ ಮಳೆಯಲ್ಲಿ ನೆನೆದರೆ ಅದನ್ನು ಹಿಡಿದವರಿಗೆ ಶಾಕ್ ಹೊಡೆಯುವುದಿಲ್ಲ. ಚಾಲಕರಿಗೆ ಇದನ್ನು ಹೇಳಿದ ಮೇಲೆ ಅವರ ಅರ್ಧ ಭಯ ಕಳೆಯಿತು. ಚೀಲ ಸುತ್ತುವ ಆತುರವೂ ಸ್ವಲ್ಪ ಇಳಿಯಿತು.

ಶಾಕಿನ ಪ್ರಶ್ನೆ ಅಲ್ಲಿಗೆ ಮುಗಿದರೂ ಟ್ರಿಪ್ ಆಗುವ ಪ್ರಶ್ನೆ ಹಾಗೆಯೇ ಉಳಿಯಿತು. ಅಲ್ಲಿದ್ದ ಆರ್‌ಸಿಸಿಬಿ 30 ಮಿಲಿಆಂಪಿಯರಿನದು. 230 ವೋಲ್ಟಿನಲ್ಲಿ ಅಷ್ಟು ಸೋರಿಕೆಯಾಗಲು ಫೇಸ್ ಪಿನ್ನಿಗೂ ಅರ್ಥ್ ಪಿನ್ನಿಗೂ ನಡುವೆ ಸುಮಾರು 7,700 ಓಮ್ ರೋಧದ ಒಂದು ಒದ್ದೆ ದಾರಿ ಏರ್ಪಟ್ಟರೆ ಸಾಕು. ಸ್ವಿಚ್ ತನ್ನ ಮೇಲಿನ ಮಿತಿಗಿಂತ ಮೊದಲೇ ಬೀಳಬಹುದಾದ್ದರಿಂದ ವಾಸ್ತವದಲ್ಲಿ ಅದರ ಎರಡರಷ್ಟು ರೋಧವಿದ್ದರೂ ಸಾಕಾಗಬಹುದು. ಆಕಾಶದಿಂದ ಬೀಳುವ ಶುದ್ಧ ಮಳೆನೀರು ವಿದ್ಯುತ್ತನ್ನು ಹೆಚ್ಚು ಹರಿಯಬಿಡುವುದಿಲ್ಲ. ಆದರೆ ಮುಂಬಯಿಯ ಸಮುದ್ರಗಾಳಿ ತಂದು ಕೂರಿಸುವ ಉಪ್ಪು, ರಸ್ತೆಯ ಧೂಳು, ಕಟ್ಟಡ ಕೆಲಸದ ಸಿಮೆಂಟ್ ಪುಡಿ ಇವು ಬೆರೆತ ನೀರಿನ ಮಾತು ಬೇರೆ.

ಈಗ ಒಂದು ಒಗಟು ಎದುರಾಯಿತು. ಹೊರಾಂಗಣದಲ್ಲಿ ಬಳಸುವ ಗನ್ ಮತ್ತು ಪೋರ್ಟ್ ಪರಸ್ಪರ ಕೂಡಿಕೊಂಡಾಗ ಕನಿಷ್ಠ ಐಪಿ 44 ಮಟ್ಟದ ರಕ್ಷಣೆ ಇರಬೇಕೆಂಬುದು ನಿಯಮ; ಐಪಿ ಎಂದರೆ ಹೊರಗಿನ ವಸ್ತು, ಧೂಳು ಮತ್ತು ನೀರು ಒಳಗೆ ಹೋಗದಂತೆ ತಡೆಯುವ ಮಟ್ಟದ ಗುರುತು. ಐಪಿ ಅಂಕೆಗಳಲ್ಲಿ ಎರಡನೆಯದು ನೀರಿಗೆ ಸಂಬಂಧಿಸಿದ್ದು. 4 ಎಂದರೆ ಯಾವ ದಿಕ್ಕಿನಿಂದ ನೀರು ಎರಚಿದರೂ ತೊಂದರೆಯಾಗಬಾರದು ಎಂದರ್ಥ. ಅಂದರೆ ಚಾರ್ಜ್ ಆಗುತ್ತಿರುವಾಗ ಜೋಡಣೆಯೊಳಗೆ ಮಳೆ ಹೋಗಬಾರದು. ಆದರೂ ಒಳಗೆ ನೀರಿತ್ತು.

ಉತ್ತರಕ್ಕಾಗಿ ಜುಲೈ ತಿಂಗಳ ಎರಡು ರಾತ್ರಿ ಅಲ್ಲೇ ಕಾದು ನಿಂತೆ. ಎರಡು ಗಂಟೆಗೆ ಒಬ್ಬ ಚಾಲಕ ಕೊಡೆ ಹಿಡಿದು ಬಂದು, ಪೂರ್ತಿ ಚಾರ್ಜ್ ಆದ ಕಾರಿನಿಂದ ಗನ್ ತೆಗೆದು, ಅದನ್ನು ಪಾಯಿಂಟಿನ ಪಕ್ಕದ ಮೊಳೆಗೆ ನೇತುಹಾಕಿ, ಆ ಕಾರನ್ನು ಹಿಂದೆ ಸರಿಸಿ, ಇನ್ನೊಂದನ್ನು ತಂದು ನಿಲ್ಲಿಸಿ, ಅದರ ಪೋರ್ಟಿನ ಮುಚ್ಚಳ ತೆರೆದು, ಮತ್ತೆ ಗನ್ ತೆಗೆದುಕೊಳ್ಳುವ ಹೊತ್ತಿಗೆ ಐದಾರು ನಿಮಿಷ ಕಳೆದಿರುತ್ತಿತ್ತು. ಅಷ್ಟು ಹೊತ್ತೂ ಗನ್ನಿನ ಮುಖ ಆಕಾಶಕ್ಕೆ ತೆರೆದಿರುತ್ತಿತ್ತು. ಅದರಲ್ಲಿರುವ ಏಳು ತೂತುಗಳು ಏಳು ಪುಟ್ಟ ಲೋಟಗಳಂತೆ ತುಂಬಿಕೊಳ್ಳುತ್ತಿದ್ದವು. ಕಾರಿನ ಪೋರ್ಟಿನ ತಳದಲ್ಲಿ ನೀರು ಬಸಿದುಹೋಗಲು ರಂಧ್ರಗಳಿವೆ, ಗನ್ನಿನ ತೂತುಗಳಿಗೆ ಆ ಅನುಕೂಲ ಅಷ್ಟಾಗಿ ಇಲ್ಲ. ಹೀಗೆ ಮೊದಲೇ ನೀರು ತುಂಬಿದ ಗನ್ನನ್ನು ಪೋರ್ಟಿಗೆ ಒತ್ತಿದ ಮೇಲೆ, ಹೊರಗಿನ ನೀರನ್ನು ತಡೆಯಬೇಕಾದ ಅದೇ ರಬ್ಬರ್ ಸುತ್ತು ಒಳಗಿನ ನೀರನ್ನು ಹೊರಗೆ ಹೋಗಲು ಬಿಡುತ್ತಿರಲಿಲ್ಲ.

ಎರಡನೆಯ ದಾರಿ ಕೇಬಲ್. ಗೋಡೆಯ ಮೇಲಿನ ಬ್ರಾಕೆಟ್ಟಿನಿಂದ ಕೇಬಲ್ ನೇರವಾಗಿ ಕಾರಿಗೆ ಇಳಿಯುತ್ತಿದ್ದುದರಿಂದ, ಅದರ ಮೈಮೇಲೆ ಬಿದ್ದ ನೀರೆಲ್ಲ ಗನ್ನಿನ ಹಿಡಿಕೆಗೆ ಹರಿದು ಬರುತ್ತಿತ್ತು. ಚಾಲಕರು ಸುತ್ತಿದ ಚೀಲ ಆ ನೀರನ್ನು ಹಿಡಿದಿಡುವ ಪಾತ್ರೆಯಾಗಿತ್ತು. ಚೀಲದೊಳಗಿನ ಬೆಚ್ಚಗಿನ ಗಾಳಿ ಬೆಳಗಿನ ಜಾವ ತಣಿದು ಪಿನ್ನುಗಳ ಸುತ್ತ ಬೆವರುತ್ತಿತ್ತು ಕೂಡ.

ಇಲ್ಲಿ ಶಾಖದ ಬಗ್ಗೆಯೂ ಒಂದು ಮಾತು ಹೇಳಬೇಕು. ಸಂಪರ್ಕ ಸ್ವಚ್ಛವಾಗಿದ್ದು ಅದರ ರೋಧ ಅರ್ಧ ಮಿಲಿಓಮ್ ಇದ್ದರೆ 32 ಆಂಪಿಯರಿನಲ್ಲಿ ಅಲ್ಲಿ ಹುಟ್ಟುವ ಶಾಖ ಅರ್ಧ ವಾಟ್ ಮಾತ್ರ. ನೀರು ನಿಂತು ಲೋಹದ ಮೇಲೆ ಕಿಲುಬು ಕೂತು ರೋಧ 5 ಮಿಲಿಓಮಿಗೆ ಏರಿದರೆ ಅದೇ ಜಾಗದಲ್ಲಿ 5 ವಾಟ್ ಹುಟ್ಟುತ್ತದೆ, ಅದೂ ಗಂಟೆಗಟ್ಟಲೆ. ಗಾಳಿಯಾಡದ ಚೀಲದೊಳಗೆ ಅದು ಹೋಗುವುದಾದರೂ ಎಲ್ಲಿಗೆ? ಚೀಲದಿಂದ ಆಗುತ್ತಿದ್ದ ನಿಜವಾದ ಅಪಾಯ ಇದು; ಟ್ರಿಪ್ ಆಗುವುದು ಬರೀ ಕಿರಿಕಿರಿ.

ಎರಡು ಸೋತ ಮಾದರಿಗಳು

ಈ ವಿಷಯಗಳೆಲ್ಲ ತಿಳಿಯುವ ಮುನ್ನವೇ ನಾನು ಮೊದಲ ಮಾದರಿ ಮಾಡಿಬಿಟ್ಟಿದ್ದೆ. ಅದು ಸಿಲಿಕೋನ್ ರಬ್ಬರಿನ ಒಂದು ಕೊಳವೆ. ಒಂದು ತುದಿ ಗನ್ನಿನ ಕುತ್ತಿಗೆಯನ್ನು ಬಿಗಿಯಾಗಿ ಅಪ್ಪಿಕೊಳ್ಳಬೇಕು, ಅಗಲವಾದ ಇನ್ನೊಂದು ತುದಿ ಪೋರ್ಟಿನ ಸುತ್ತಲಿನ ತಗಡಿಗೆ ಒತ್ತಿ ಕೂರಬೇಕು. ರೇಖಾಚಿತ್ರದಲ್ಲಿ ಬಹಳ ಚೆನ್ನಾಗಿತ್ತು. ಅಂಗಳದಲ್ಲಿ ಎರಡು ಕಂಪನಿಗಳ ಪಾಯಿಂಟುಗಳಿದ್ದು ಅವುಗಳ ಗನ್ನಿನ ಕುತ್ತಿಗೆಯ ಸುತ್ತಳತೆ ಬೇರೆ ಬೇರೆ ಎಂಬುದು ಮೊದಲ ಅಡ್ಡಿ. ಒದ್ದೆ ಕೈಯಲ್ಲಿ ರಬ್ಬರನ್ನು ಹಿಗ್ಗಿಸಿ ಏರಿಸುವುದು ಎರಡನೆಯದು. ಎಲ್ಲಕ್ಕಿಂತ ಮುಖ್ಯವಾಗಿ ಅದು ಚಾಲಕರ ಪ್ಲಾಸ್ಟಿಕ್ ಚೀಲದ ದುಬಾರಿ ಅವತಾರವಾಗಿತ್ತು. ಬೆವರು, ಬಿಸಿ, ಒಳಗೆ ಸಿಕ್ಕಿಬಿದ್ದ ನೀರು ಎಲ್ಲವೂ ಅಲ್ಲೂ ಇದ್ದವು. ಕಲಬುರಗಿಯ ಕಡೆಯ ಚಾಲಕರೊಬ್ಬರು ಅದನ್ನು ಎರಡು ರಾತ್ರಿ ಬಳಸಿ ಮೂರನೆಯ ದಿನ ನನ್ನ ಕೈಗೇ ಕೊಟ್ಟರು. "ಸರ, ನಡುರಾತ್ರಿ ಮಳಿಯಾಗ ನಿಂತು ಇದನ್ನ ಜಗ್ಗಿ ಜಗ್ಗಿ ಹಾಕೂದು ನಮ್ಮ ಕೈಲೆ ಆಗೂದಿಲ್ರಿ" ಎಂದರು. ಅವರ ಮಾತಿಗೆ ನನ್ನ ಬಳಿ ಉತ್ತರವಿರಲಿಲ್ಲ.

ಎರಡನೆಯದು ಬಟ್ಟೆಯ ಹೊದಿಕೆ. ಎರಡೂ ಬದಿಗೆ ಪಿವಿಸಿ ಲೇಪಿಸಿದ ಪಾಲಿಯೆಸ್ಟರ್ ಬಟ್ಟೆ, ಅಂದರೆ ಲಾರಿಯ ತಾಡಪಾಲಿನ ಜಾತಿಯದೇ ಆದರೆ ತೆಳುವಾದದ್ದು, ಪೋರ್ಟಿನ ಮೇಲಿನಿಂದ ಇಳಿಬೀಳುವಂತೆ ಹೊಲಿಸಿದೆ. ಮೇಲಂಚಿನಲ್ಲಿ ಫ್ರಿಜ್ಜಿನ ಬಾಗಿಲಲ್ಲಿರುವಂಥ ರಬ್ಬರ್ ಅಯಸ್ಕಾಂತದ ಪಟ್ಟಿ. ಇದು ಮೂರು ಕಡೆ ಸೋತಿತು. ಅಯಸ್ಕಾಂತದ ಹಿಡಿತವನ್ನು ನಾವು ಸಾಮಾನ್ಯವಾಗಿ ನೇರವಾಗಿ ಕಿತ್ತು ನೋಡಿ ಅಳೆಯುತ್ತೇವೆ; ಆದರೆ ಇಳಿಬಿದ್ದ ಬಟ್ಟೆ ಅದನ್ನು ಕೀಳುವುದಿಲ್ಲ, ಕೆಳಕ್ಕೆ ಜಾರಿಸುತ್ತದೆ, ಒದ್ದೆಯಾದ ಬಣ್ಣದ ಮೇಲೆ ಜಾರಿಕೆಗೆ ತಡೆ ಬಹಳ ಕಡಿಮೆ. ಹೊಲಿಗೆಯ ಸೂಜಿ ಮಾಡಿದ ಪ್ರತಿ ತೂತೂ ದಾರ ನೆನೆದ ಮೇಲೆ ಒಂದು ಬತ್ತಿಯಾಯಿತು. ಮೂರನೆಯದನ್ನು ನಾನು ಮುಂಚೆಯೇ ಊಹಿಸಬೇಕಿತ್ತು: ಬಟ್ಟೆ ಕಾರಿನ ಮೈಗೆ ಅಂಟಿಕೊಂಡ ಕಡೆಯಲ್ಲೆಲ್ಲ ಎರಡು ನುಣುಪಾದ ಮೈಗಳ ನಡುವೆ ನೀರು ತಾನಾಗಿ ಎಳೆದುಕೊಂಡು ಒಳಕ್ಕೆ ಹರಡುತ್ತಿತ್ತು. ಕಿಟಕಿಯ ಮೇಲಿನ ಸಜ್ಜೆಯ ಅಂಚಿನ ಅಡಿಯಲ್ಲಿ ಗಾರೆಯವರು ಒಂದು ಗೀರು ಬಿಡುವುದು ಇದಕ್ಕಾಗಿಯೇ. ಹನಿ ಆ ಗೀರಿನ ತನಕ ಬಂದು, ದಾಟಲಾರದೆ ಕಳಚಿ ಬೀಳುತ್ತದೆ. ನನ್ನ ಹೊದಿಕೆಗೆ ಅಂಥ ಅಂಚೇ ಇರಲಿಲ್ಲ.

ಮುಚ್ಚಳ ಬೇಡ, ಸೂರು ಬೇಕು

ಜುಲೈಯಲ್ಲಿ ಕಾದು ನಿಂತ ಆ ಎರಡು ರಾತ್ರಿಗಳ ನಂತರ ಮಾಲೀಕರೊಂದಿಗೆ ಕೂತು ಪ್ರಶ್ನೆಯನ್ನೇ ಬದಲಾಯಿಸಿದೆವು. ನೀರನ್ನು ಬಂದ್ ಮಾಡುವುದು ನಮ್ಮ ಕೆಲಸವಲ್ಲ. ಅದನ್ನು ಜೋಡಣೆಯ ಮೇಲೆ ಬೀಳದಂತೆ ಬೇರೆ ಕಡೆಗೆ ಜಾರಿಸಿದರೆ ಸಾಕು, ಕೆಳಗಡೆ ಪೂರ್ತಿ ತೆರೆದಿರಲಿ. ನಾನು ರಟ್ಟು ಕತ್ತರಿಸಿ ಬಗ್ಗಿಸಿ ಒಂದು ಆಕಾರ ತೋರಿಸಿದಾಗ ಅವರು ನಕ್ಕು, "ಇದು ನಮ್ಮೂರ ಗೊರಬು ಅಲ್ವಾ" ಎಂದರು. ನಾಟಿ ಮಾಡುವವರು ತಲೆಯಿಂದ ಬೆನ್ನಿನವರೆಗೆ ಹೊದ್ದುಕೊಳ್ಳುವ ಗೊರಬಿನಲ್ಲಿ ಎಲ್ಲ ಲಕ್ಷಣಗಳೂ ಇವೆ: ಮೇಲೆ ಬೆನ್ನುಮೂಳೆಯಂಥ ಏರು, ಎರಡೂ ಬದಿಗೆ ಇಳಿಜಾರು, ಮುಂದೆ ತೆರಪು, ಎರಡು ಕೈಗೂ ಬಿಡುವು. ಹೊದ್ದವರು ಬೆವರುವುದೂ ಕಡಿಮೆ. ಹಳ್ಳಿಯಲ್ಲಿ ಪ್ಲಾಸ್ಟಿಕ್ ಕೊಪ್ಪೆ ಬಂದ ಮೇಲೆ ಗೊರಬು ಅಪರೂಪವಾಯಿತು. ಅಂಧೇರಿಯಲ್ಲಿ ಅದು ಹೀಗೆ ನೆನಪಾದದ್ದು ನಮ್ಮಿಬ್ಬರಿಗೂ ಖುಷಿ ಕೊಟ್ಟಿತು.

ಕೊನೆಯ ಮಾದರಿ ಹಾಗಾಗಿ ಸುಮಾರು 45 ಸೆಂಟಿಮೀಟರ್ ಅಗಲ, 55 ಸೆಂಟಿಮೀಟರ್ ಉದ್ದದ ಒಂದು ಪುಟ್ಟ ಗೊರಬು. ಬಟ್ಟೆ ಹಿಂದಿನದೇ, ಆದರೆ ಹೊಲಿಗೆ ಒಂದೂ ಇಲ್ಲ. ಅಂಚುಗಳನ್ನೆಲ್ಲ ಹೈ ಫ್ರೀಕ್ವೆನ್ಸಿ ವೆಲ್ಡಿಂಗಿನಿಂದ ಕೂಡಿಸಲಾಗಿದೆ. ಸುಮಾರು 27 ಮೆಗಾಹರ್ಟ್ಜ್ ಆವರ್ತನದಲ್ಲಿ ಪಿವಿಸಿ ಒಳಗಿನಿಂದಲೇ ಕಾದು ಕರಗಿ ಬೆಸೆದುಕೊಳ್ಳುತ್ತದೆ; ರೇನ್‌ಕೋಟು, ಫೈಲ್ ಕವರ್ ಮಾಡುವವರ ಬಳಿ ಈ ಯಂತ್ರ ಇದ್ದೇ ಇರುತ್ತದೆ, ಮುಂಬಯಿಯಲ್ಲಿ ಅಂಥವರಿಗೆ ಬರವಿಲ್ಲ. ಮಳೆಗಾಲಕ್ಕೆ ಮುಂಚಿನ ಏಪ್ರಿಲ್, ಮೇ ತಿಂಗಳಲ್ಲಿ ಮಾತ್ರ ಅವರು ಯಾರ ಮಾತಿಗೂ ಸಿಗುವುದಿಲ್ಲ. ಪಾಲಿಥೀನ್ ಹಾಳೆ ಈ ವಿಧಾನದಲ್ಲಿ ಬೆಸೆಯದ ಕಾರಣ ಅಗ್ಗದ ತಾಡಪಾಲು ಬಳಸುವ ಯೋಚನೆಯನ್ನು ಕೈಬಿಡಬೇಕಾಯಿತು. ನಡುವಿನ ಏರನ್ನು ನಿಲ್ಲಿಸಲು ಎರಡು ಪ್ಲಾಸ್ಟಿಕ್ ಪಟ್ಟಿಗಳನ್ನು ಬೆಸೆದ ಜೇಬಿನೊಳಗೆ ತೂರಿಸಿದೆವು. ಇವುಗಳಿಂದ ಬಟ್ಟೆ ಕಾರಿನ ಮೈಯಿಂದ ಎರಡು ಬೆರಳಷ್ಟು ದೂರ ಉಳಿಯುತ್ತದೆ. ಮೇಲಂಚಿನಲ್ಲಿ, ಕಾರಿಗೆ ತಾಗುವ ಕಡೆ, ಒಂದು ದಪ್ಪ ಏಣು ಇದೆ. ಕಾರಿನ ಮೇಲಿಂದ ಇಳಿದು ಬರುವ ನೀರು ಅದಕ್ಕೆ ತಡೆದು ಎರಡೂ ಬದಿಗೆ ಹರಿದುಹೋಗುತ್ತದೆ. ಮಳೆಗಾಲದ ಗಾಳಿ ಪಶ್ಚಿಮ ಮತ್ತು ನೈಋತ್ಯದಿಂದ ಬೀಸುವುದರಿಂದ ಆ ಬದಿಯ ಇಳಿಜಾರು ಇನ್ನೊಂದಕ್ಕಿಂತ ಒಂದು ಗೇಣು ಉದ್ದ. ಚಾರ್ಜಿಂಗ್ ದೀಪ ಕಾಣಲೆಂದು ಪಾರದರ್ಶಕ ಪಿವಿಸಿಯ ಒಂದು ಕಿಟಕಿಯೂ ಉಂಟು. ಅದಿಲ್ಲದಿದ್ದರೆ ಚಾಲಕರು ಪ್ರತಿ ಸಲವೂ ಹೊದಿಕೆ ಎತ್ತಿ ನೋಡುತ್ತಿದ್ದರು.

ಅಯಸ್ಕಾಂತಕ್ಕೆ ನಿಯೋಡೈಮಿಯಂ ಬಿಲ್ಲೆಗಳನ್ನು ಆರಿಸಿದೆವು. ಇವು ಸಣ್ಣದಿದ್ದರೂ ಬಲವಾಗಿ ಹಿಡಿಯುತ್ತವೆ, ಆದರೆ ಉಪ್ಪುಗಾಳಿಗೆ ಬೇಗ ತುಕ್ಕು ಹಿಡಿದು ಪುಡಿಯಾಗುತ್ತವೆ. ಮೇಲಿನ ನಿಕ್ಕಲ್ ಲೇಪಕ್ಕೆ ಒಂದು ಗೀರು ಬಿದ್ದರೂ ಸಾಕು. ಹೀಗಾಗಿ ಪ್ರತಿ ಬಿಲ್ಲೆಯನ್ನೂ ಬೆಸೆದ ಜೇಬಿನಲ್ಲಿ ಮುಚ್ಚಿದ್ದೇವೆ. ಜೇಬಿನ ಬಟ್ಟೆ ದಪ್ಪವಾದಷ್ಟೂ ಹಿಡಿತ ಕುಗ್ಗುವುದರಿಂದ ಕಾರಿನ ಕಡೆಯ ಪದರ ಮಾತ್ರ ತೆಳು. ಬಣ್ಣಕ್ಕೆ ಗೀರು ಬೀಳದಿರಲೆಂದು ಫೆಲ್ಟ್ ಅಂಟಿಸುವ ಸಲಹೆ ಬಂದಿತ್ತು. ಫೆಲ್ಟ್ ನೀರನ್ನೂ ಮರಳಿನ ಕಣವನ್ನೂ ಒಟ್ಟಿಗೆ ಹಿಡಿದಿಟ್ಟುಕೊಂಡು ಉಜ್ಜುಕಾಗದದ ಕೆಲಸ ಮಾಡುತ್ತದೆ ಎಂದು ಬೇಡವೆಂದೆವು. ನುಣುಪು ಮೈಯನ್ನು ಅಂಗೈಯಿಂದ ಒರೆಸಿ ಅಂಟಿಸುವುದೇ ವಾಸಿ.

ಇದರ ಜೊತೆಗೆ ಮಾಡಿದ ಒಂದು ತೀರ್ಮಾನ, ನನ್ನ ದೃಷ್ಟಿಯಲ್ಲಿ, ಆಕಾರಕ್ಕಿಂತಲೂ ಹೆಚ್ಚಿನದು. ಹೊದಿಕೆಯನ್ನು ಕಾರಿನ ಸಾಮಾನು ಎಂದು ಎಣಿಸದೆ ಕೇಬಲ್ಲಿನ ಸಾಮಾನು ಎಂದು ಎಣಿಸಿದೆವು. ಗನ್ನಿನ ಹಿಂದೆ, ಗುಂಡಿ ಮತ್ತು ಹಿಡಿಕೆಗೆ ಅಡ್ಡಬಾರದ ಕಡೆ, ಕೇಬಲ್ಲಿಗೆ ಒಂದು ಪಟ್ಟಿಯಿಂದ ಅದನ್ನು ಕಟ್ಟಿರುತ್ತದೆ. ಇದರಿಂದ ಹತ್ತರ ಬದಲು ಐದು ಹೊದಿಕೆ ಸಾಕಾಯಿತು. ಹೊದಿಕೆ ಅಂಟಿಕೊಂಡಿರುವಂತೆಯೇ ಕಾರು ರಸ್ತೆಗಿಳಿದು ಕಳೆದುಹೋಗುವ ಪ್ರಶ್ನೆ ತಪ್ಪಿತು. ಮುಖ್ಯವಾಗಿ, ಎರಡು ಗಂಟೆಯ ಆ ಐದಾರು ನಿಮಿಷಗಳಲ್ಲಿ ಗನ್ನಿನ ಮೇಲೆಯೇ ಹೊದಿಕೆ ಇರುತ್ತದೆ. ಮೊಳೆಯನ್ನು ಕಿತ್ತು, ಗನ್ ಬಾಯಿ ಕೆಳಗಾಗಿ ಕೂರುವ ಒಂದು ಗೂಡನ್ನು ಪ್ರತಿ ಪಾಯಿಂಟಿಗೂ ಅಳವಡಿಸಿದೆವು. ಕೇಬಲ್ಲನ್ನು ಮೊದಲು ಪೋರ್ಟಿಗಿಂತ ಕೆಳಗೆ ಇಳಿಸಿ ಮತ್ತೆ ಮೇಲೇರಿಸುವಂತೆ ಬ್ರಾಕೆಟ್ಟನ್ನು ಸರಿಸಿದೆವು. ನೀರು ಬಾಗಿದ ಕೆಳತುದಿಯಲ್ಲೇ ತೊಟ್ಟಿಕ್ಕುತ್ತದೆ. ಹೊದಿಕೆಯ ವಿನ್ಯಾಸ ಎಂದು ಹೊರಟ ಕೆಲಸದಲ್ಲಿ ಅತ್ಯಂತ ಅಗ್ಗದ, ಬಹುಶಃ ಅತ್ಯಂತ ಪರಿಣಾಮಕಾರಿಯಾದ ಭಾಗಗಳು ಈ ಗೂಡು ಮತ್ತು ಈ ಬಾಗು.

ಹತ್ತರಲ್ಲಿ ಎರಡು ಕಾರುಗಳ ಪೋರ್ಟ್ ಮುಂಭಾಗದಲ್ಲಿದ್ದು ಸುತ್ತಲೂ ಪ್ಲಾಸ್ಟಿಕ್ ಇದೆ, ಅಲ್ಲಿ ಅಯಸ್ಕಾಂತ ಹಿಡಿಯುವುದಿಲ್ಲ. ಅವಕ್ಕಾಗಿ ಬೇರೆ ಕೊಕ್ಕೆಗಳ ಬಗ್ಗೆ ಒಂದು ವಾರ ತಲೆ ಕೆಡಿಸಿಕೊಂಡು, ಕೊನೆಗೆ ಅಂಗಳದ ಮೂಲೆಯಲ್ಲಿ ಕಾವಲುಗಾರನ ಶೆಡ್ಡಿನ ಮಾಡು ಹೊರಚಾಚಿದ ಕಡೆಯ ಪಾಯಿಂಟನ್ನು ಆ ಎರಡಕ್ಕೇ ಮೀಸಲಿಟ್ಟೆವು.

ಪರೀಕ್ಷೆ

ಪುಣೆಯ ಕೋಥ್ರೂಡಿನಲ್ಲಿರುವ, ವಾಹನಗಳನ್ನು ಪರೀಕ್ಷಿಸುವ ಎಆರ್‌ಎಐಯಂಥ ಸಂಸ್ಥೆಯಲ್ಲಿ ಅಧಿಕೃತ ಪರೀಕ್ಷೆ ಮಾಡಿಸುವ ಮಾತು ಬಂದಿತ್ತು. ಆದರೆ ಈ ಹೊದಿಕೆಗೆ ಐಪಿ ಅಂಕೆ ಹಚ್ಚಿ ಮಾರುವ ಉದ್ದೇಶ ನಮಗಿರಲಿಲ್ಲ, ಮೇಲಾಗಿ ಕೆಳಗೆ ತೆರೆದಿರುವ ವಸ್ತುವಿಗೆ ಆ ಅಂಕೆಯಿಂದ ಅರ್ಥವೂ ಹುಟ್ಟುವುದಿಲ್ಲ. ಗುಜರಿಯಿಂದ ಒಂದು ಹಳೆಯ ಟೈಪ್ 2 ಪೋರ್ಟನ್ನೂ ಒಂದು ಕಾರಿನ ಬಾಗಿಲ ತಗಡನ್ನೂ ತಂದು, ತಗಡಿಗೆ ಪೋರ್ಟ್ ಕೂರಿಸಿ, ಒಳಗೆ ಟಿಶ್ಯೂ ಕಾಗದ ಇಟ್ಟು, ಶವರಿನಿಂದ ಬೇರೆ ಬೇರೆ ಕೋನದಲ್ಲಿ ಬಣ್ಣದ ನೀರು ಸುರಿದೆವು. ಗಾಳಿಗಾಗಿ ಕಾರ್ಖಾನೆಯ ದೊಡ್ಡ ಫ್ಯಾನನ್ನು ದೂರದಲ್ಲಿಟ್ಟೆವು. ಪ್ರತಿ ಸುತ್ತಿನ ನಂತರ ಫೇಸ್ ಮತ್ತು ಅರ್ಥ್ ಪಿನ್ನುಗಳ ನಡುವಿನ ನಿರೋಧವನ್ನು 500 ವೋಲ್ಟಿನ ಮೆಗ್ಗರ್‌ನಿಂದ ಅಳೆದೆವು. ಈ ಅಳತೆಯನ್ನು ಬಿಡಿ ಪೋರ್ಟಿನ ಮೇಲೆ ಮಾತ್ರ ಮಾಡಬೇಕು. ನಿಜವಾದ ಕಾರಿನ ಪೋರ್ಟಿಗೆ ಮೆಗ್ಗರ್ ಹಚ್ಚಿದರೆ ಒಳಗಿನ ಎಲೆಕ್ಟ್ರಾನಿಕ್ ಭಾಗಗಳು ಸುಟ್ಟುಹೋಗಬಹುದು; ಅಂಗಳದ ಎಲೆಕ್ಟ್ರಿಷಿಯನ್ ಒಮ್ಮೆ ಆ ಉತ್ಸಾಹ ತೋರಿಸಿದ್ದರು, ಸಮಯಕ್ಕೆ ತಡೆದೆವು.

ಎಂಥ ಮಳೆಗೆ ವಿನ್ಯಾಸ ಮಾಡಬೇಕು ಎಂಬುದನ್ನೂ ನಿಶ್ಚಯಿಸಬೇಕಿತ್ತು. ಅಂಧೇರಿಗೆ ಸಮೀಪದ ಸಾಂತಾಕ್ರೂಜಿನಲ್ಲಿ 2005ರ ಜುಲೈ 26ರಂದು 24 ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ ದಾಖಲಾಗಿತ್ತು. ಅಂಥ ದಿನಕ್ಕೆ ಹೊದಿಕೆ ಉತ್ತರವಲ್ಲ. ಅಂಗಳದಲ್ಲಿ ಪಾದ ಮುಳುಗುವಷ್ಟು ನೀರು ನಿಂತರೆ ಮುಖ್ಯ ಸ್ವಿಚ್ ಆರಿಸಿ ಕಾರುಗಳನ್ನು ಎತ್ತರಕ್ಕೆ ಸಾಗಿಸಬೇಕೆಂದು ಮಾಲೀಕರು ಗೋಡೆಯ ಮೇಲೆ ಕನ್ನಡ, ಮರಾಠಿ, ಹಿಂದಿಯಲ್ಲಿ ಬರೆಸಿದ್ದಾರೆ. ನಮ್ಮ ಗುರಿ ಜೂನ್‌ನಿಂದ ಸೆಪ್ಟೆಂಬರಿನವರೆಗಿನ ಮಾಮೂಲಿ, ಗಾಳಿ ಬೆರೆತ, ಓರೆ ಮಳೆ.

ಎರಡನೆಯ ಮಳೆಗಾಲ

ಮುಂದಿನ ವರ್ಷ ಜೂನ್ ಮೊದಲ ವಾರಕ್ಕೇ ಐದು ಹೊದಿಕೆಗಳೂ ಕೇಬಲ್ಲಿಗೆ ಬಿದ್ದವು. ನಾಲ್ಕು ಪಾಯಿಂಟುಗಳಲ್ಲಿ ರಾತ್ರಿಯ ಟ್ರಿಪ್ ನಿಂತಿತು. ಆಗಸ್ಟ್ ಹೊತ್ತಿಗೆ ಎರಡು ಹೊದಿಕೆಗಳ ಅಯಸ್ಕಾಂತದ ಜೇಬಿನ ಮೂಲೆ ಬಿಟ್ಟುಕೊಂಡು ಬಿಲ್ಲೆಗಳು ಕಂದು ಬಣ್ಣಕ್ಕೆ ತಿರುಗಿದ್ದವು. ಚೌಕ ಮೂಲೆಯಲ್ಲಿ ವೆಲ್ಡಿಂಗಿನ ಒತ್ತಡ ಸಮನಾಗಿ ಬೀಳದಿದ್ದುದು ಕಾರಣವಾದ್ದರಿಂದ ಜೇಬುಗಳನ್ನು ದುಂಡಗೆ ಮಾಡಿಸಿದೆವು. ಪಾರದರ್ಶಕ ಕಿಟಕಿ ಬಿಸಿಲಿಗೆ ಹಳದಿಯಾಗತೊಡಗಿದೆ, ಅದನ್ನು ವರ್ಷಕ್ಕೊಮ್ಮೆ ಬದಲಿಸಬೇಕಾಗುತ್ತದೆ.

ಐದನೆಯ ಪಾಯಿಂಟ್ ಮಾತ್ರ ಮೊದಲಿನಂತೆಯೇ ಟ್ರಿಪ್ ಆಗುತ್ತಿತ್ತು. ಹೊದಿಕೆಯನ್ನು ಬದಲಿಸಿದೆವು, ಗನ್ನನ್ನು ತೆರೆದು ಒಣಗಿಸಿದೆವು, ಸೇವಾ ಕೇಂದ್ರದವರಿಂದ ಕೇಬಲ್ ಪರೀಕ್ಷೆ ಮಾಡಿಸಿದೆವು. ಮೂರು ವಾರಗಳ ನಂತರ ಎಲೆಕ್ಟ್ರಿಷಿಯನ್ ಗೋಡೆಯ ಮೇಲಿನ ಐಸೊಲೇಟರ್ (ಪಾಯಿಂಟಿಗೆ ಬರುವ ವಿದ್ಯುತ್ ಕಡಿಯುವ ಸ್ವಿಚ್) ಪೆಟ್ಟಿಗೆಯನ್ನು ತೆರೆದಾಗ ತಳದಲ್ಲಿ ಒಂದು ಬೆರಳಷ್ಟು ನೀರು ನಿಂತಿತ್ತು. ಕೇಬಲ್ ಒಳಗೆ ಬರುವ ತೂತಿನ ಬಿಗಿ ಸುತ್ತನ್ನು, ಅಂದರೆ ಗ್ಲ್ಯಾಂಡನ್ನು, ಪೆಟ್ಟಿಗೆಯ ತಲೆಯ ಮೇಲೆ ಹಾಕಿದ್ದರು. ಅದನ್ನು ಪೆಟ್ಟಿಗೆಯ ಅಡಿಗೆ ಸ್ಥಳಾಂತರಿಸಿ, ಕೇಬಲ್ಲಿಗೆ ಅಲ್ಲೂ ಒಂದು ಬಾಗು ಕೊಟ್ಟ ಮೇಲೆ ಆ ಪಾಯಿಂಟೂ ಸರಿಹೋಯಿತು.